ಆನೆ ದಾರಿಯ ಮನೆಗೆ ಬ್ರೋಕರ್ ಹುಡುಕಿದ್ದು

ಮನೆ ಕಟ್ಟುವವನನ್ನು ಜನ ಒಂದು ಥರ ನೋಡುತ್ತಾರೆ, ಮಾರುವವನನ್ನು ಇನ್ನೊಂದು ಥರ. ಕಟ್ಟುವಾಗ ದಾರಿಯಲ್ಲಿ ಹೋಗುವವರೂ ನಿಂತು, ಬಾಗಿಲು ಯಾವ ದಿಕ್ಕಿಗೆ, ಅಡುಗೆಮನೆ ಎಲ್ಲಿ ಎಂದು ವಿಚಾರಿಸಿ, ಕೇಳದಿದ್ದರೂ ಸಲಹೆ ಕೊಟ್ಟು ಹೋಗುತ್ತಾರೆ. ಮಾರುತ್ತೇನೆ ಎಂದು ಬಾಯಿಬಿಟ್ಟಿರೋ, ದನಿ ತಗ್ಗಿಸಿ ನಿಮ್ಮ ಆರೋಗ್ಯ ಕೇಳುತ್ತಾರೆ. ಹಾನುಬಾಳಿನ ಹೋಟೆಲಿನಲ್ಲಿ ನಾನು ಮೊದಲ ಸಲ ಈ ಸುದ್ದಿ ಹೇಳಿದಾಗ ಪಕ್ಕದಲ್ಲಿ ಕೂತಿದ್ದವರೊಬ್ಬರು ಬೆನ್ನು ಸವರಿ, ನನ್ನ ಕಾಫಿಯ ದುಡ್ಡನ್ನೂ ತಾವೇ ಕೊಟ್ಟರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ಅಂಥ ಮರ್ಯಾದೆ ನನಗೆ ಸರ್ವಿಸಿನಲ್ಲಿದ್ದಾಗ ಯಾರಿಂದಲೂ ಸಿಕ್ಕಿರಲಿಲ್ಲ.

ಆರೋಗ್ಯ ಕೇಳಿದ್ದು ತಪ್ಪೇನಲ್ಲ. ನಮ್ಮ ಕಾಯಿಲೆಗೆ ಆನೆ ಎಂದು ಹೆಸರು. ಮನೆ ಇರುವುದು ಊರಿನ ಕೊನೆಯಲ್ಲಿ, ಹಿಂದುಗಡೆ ಕಾಫಿ ಎಸ್ಟೇಟು. ಆ ಹಸಿರು ನೋಡಿ ಮರುಳಾಗಿ ನಾನೇ ಆರಿಸಿದ ಜಾಗ. ಈಗ ಬೇರೆ ಊರಿನವರು ಮಳೆಯ ಸುದ್ದಿ ಕೇಳುವ ಹಾಗೆ ನಮ್ಮ ಕಡೆ ಆನೆಯ ಸುದ್ದಿ ಕೇಳುತ್ತೇವೆ. ಇವತ್ತು ಯಾವ ತೋಟದಲ್ಲಿವೆ, ನಾಳೆ ಎತ್ತ ದಾಟಬಹುದು ಎಂದು ಫೋನಿಗೆ ಮೆಸೇಜು ಬರುತ್ತದೆ. ಸಂಜೆ ಅರಣ್ಯ ಇಲಾಖೆಯವರು ಜೀಪಿನಲ್ಲಿ ಮೈಕು ಹಿಡಿದು ಕೂಗಿಕೊಂಡು ಹೋಗುತ್ತಾರೆ. ಹಲಸು ಎಳೆಕಾಯಿ ಇರುವಾಗಲೇ ಕಿತ್ತು ಬಿಸಾಕುತ್ತೇವೆ, ಹಣ್ಣಾಗಲು ಬಿಟ್ಟರೆ ವಾಸನೆಗೆ ಅವು ಅಂಗಳಕ್ಕೇ ಬರುತ್ತವೆ. ಇಷ್ಟೆಲ್ಲ ಎಚ್ಚರವಿದ್ದೂ ಒಂದು ಬೆಳಗಿನ ಜಾವ ನನ್ನ ಹೆಂಡತಿ ಸರೋಜ ಅಂಗಳಕ್ಕೆ ನೀರು ಹಾಕಲು ಬಾಗಿಲು ತೆಗೆದಳು. ಮಂಜಿನಲ್ಲಿ ಮೆಟ್ಟಿಲ ಮುಂದೆ ಗೋಡೆಯಂಥದ್ದು ಏನೋ ನಿಂತಿತ್ತು. ನಮಗೆ ಅಲ್ಲಿ ಗೋಡೆ ಇಲ್ಲವಲ್ಲ ಎಂದು ಅವಳು ಯೋಚಿಸುವಷ್ಟರಲ್ಲಿ ಗೋಡೆ ಉಸಿರು ಬಿಟ್ಟಿತು. ಆನೆ ಏನೂ ಮಾಡಲಿಲ್ಲ, ತಿರುಗಿಕೊಂಡು ಹೊರಟುಹೋಯಿತು. ಸರೋಜ ಮಾತ್ರ ಬಕೆಟ್ ಹಿಡಿದೇ ನಿಂತಿದ್ದಳು. ನಾನು ಹೋಗಿ ಬೆರಳು ಬಿಡಿಸಬೇಕಾಯಿತು.

ಅವತ್ತಿನಿಂದ ಅವಳ ನಿದ್ದೆ ಹೋಯಿತು. ಇನ್ನೂ ಕತ್ತಲಿರುವಾಗಲೇ ಎದ್ದು ಕಿಟಕಿಯ ಹತ್ತಿರ ಕೂರುತ್ತಾಳೆ, ಬಿಸಿಲು ಬಂದಮೇಲೇ ಬಾಗಿಲು ತೆಗೆಯುತ್ತಾಳೆ. ರಂಗೋಲಿ ನಿಂತಿತು. ಸೊರಗಿ ಸೊರಗಿ ಕೈಯ ಬಳೆ ಮೊಣಕೈ ತನಕ ಹೋಗಿ ಬರತೊಡಗಿತು. ‘ಒಂದು ರೂಮಾದ್ರೂ ಸಾಕು, ಹಾಸನಕ್ಕೆ ಹೋಗ್ಬುಡಾಣ ಕಣ್ರೀ’ ಎಂದಳು. ಅವಳು ನನ್ನನ್ನು ಏನಾದರೂ ಕೇಳಿದ್ದೇ ಅಪರೂಪ. ಆದರೆ ನಿವೃತ್ತಿಯ ಹಣವೆಲ್ಲ ಈ ಮನೆಗೇ ಸುರಿದಾಗಿತ್ತು. ಇದು ಹೋಗದೆ ನಾವು ಹೋಗುವಂತಿರಲಿಲ್ಲ.

ಹೀಗೆ ಬ್ರೋಕರ್ ಬೇಕಾಯಿತು. ಆರಿಸುವುದು ನನ್ನ ಕೈಯಲ್ಲಾಗುವ ಕೆಲಸವಲ್ಲ. ಹೆಣ್ಣು ಆರಿಸಿದ್ದು ನಮ್ಮ ಸೋದರಮಾವ, ಅಂಗಿ ಬಟ್ಟೆ ಆರಿಸುವುದು ಸರೋಜ. ಸ್ವಂತ ಬುದ್ಧಿಯಿಂದ ನಾನು ಆರಿಸಿದ್ದು ಈ ಜಾಗ ಒಂದನ್ನೇ, ಅದರ ಕಥೆ ಹೇಳಿದೆನಲ್ಲ. ಆದರೂ ಎಲ್ಲರೂ ಮೆಚ್ಚುವ ಇಬ್ರಾಹಿಂ ಸಾಹೇಬರನ್ನು ಹಿಡಿದೆ. ಸಕಲೇಶಪುರದಲ್ಲಿ ಕಾಫಿ, ಮೆಣಸಿನ ವ್ಯಾಪಾರ ಮಾಡುತ್ತಾ ಜಮೀನು ಮನೆ ಕುದುರಿಸಿಕೊಡುವ ಹಿರಿಯರು, ಬಾಯಲ್ಲಿ ಸುಳ್ಳು ಬಾರದ ಮನುಷ್ಯ. ಬಂದವರೇ ಮನೆಯ ಸುತ್ತ ಒಂದು ಸುತ್ತು ಹಾಕಿ, ಕಟ್ಟಡ ಗಟ್ಟಿಯಿದೆ ಎಂದು ಹೊಗಳಿದರು. ನನಗೆ ನೆಮ್ಮದಿಯಾಯಿತು. ಆಮೇಲೆ ತಿಳಿಯಿತು, ಅವರು ಗಿರಾಕಿಗಳನ್ನು ಜೀಪು ಹತ್ತಿಸಿಕೊಂಡ ಕೂಡಲೇ ಆನೆಯ ವಿಷಯ ತೆಗೆಯುತ್ತಿದ್ದರು. ದಾರಿಯುದ್ದಕ್ಕೂ ಮುರಿದ ಬೇಲಿ, ಮಲಗಿದ ಬಾಳೆ ತೋರಿಸುತ್ತಿದ್ದರು. ಸಾಲದ್ದಕ್ಕೆ ಗಿರಾಕಿಗಳ ಫೋನಿಗೂ ಆ ಆನೆಯ ಮೆಸೇಜು ಬರುವ ಹಾಗೆ ಮಾಡಿಕೊಡುತ್ತಿದ್ದರು. ಬಂದವರಲ್ಲಿ ಅರ್ಧ ಜನ ಗೇಟಿನ ಹತ್ತಿರ ಜೀಪಿನಿಂದ ಇಳಿಯಲೇ ಇಲ್ಲ. ಇಳಿದವನೊಬ್ಬ ಆನೆ ಎಷ್ಟೊತ್ತಿಗೆ ಬರುತ್ತದೆ, ಫೋಟೋ ತೆಗೆಯಲು ಒಂದು ರಾತ್ರಿ ರೂಮು ಕೊಡುತ್ತೀರಾ ಎಂದು ಕೇಳಿದ. ಸ್ವಲ್ಪ ಮುಚ್ಚಿಟ್ಟು ಹೇಳಬಾರದೇ ಎಂದು ನಾನು ಗೋಗರೆದಾಗ ಸಾಹೇಬರು, ‘ನಾಳೆ ಅವ್ರು ರಸ್ತೇಲಿ ಸಿಕ್ಕಿದ್ರೆ ನಾನು ಮುಖ ತೋರಿಸ್ಬೇಕಲ್ಲ ಮೇಷ್ಟ್ರೇ’ ಎಂದರು. ಎಂಥ ದೊಡ್ಡ ಮನುಷ್ಯ ಎಂದು ಮನಸ್ಸಿನಲ್ಲೇ ಕೈಮುಗಿದೆ. ಮನೆಗೆ ಬಂದು ಸರೋಜಳ ಬಳೆ ನೋಡಿ, ಇವರ ದೊಡ್ಡತನ ಹಾಳಾಗ ಎಂದು ಅದೇ ಮನಸ್ಸಿನಲ್ಲಿ ಬೈದೆ.

ಎರಡನೆಯವನು ಲೋಕೇಶ, ಹೊಂಗಡಹಳ್ಳದ ಕಡೆಯವನು. ತಲೆಯ ಮೇಲೆ ಕಪ್ಪು ಕನ್ನಡಕ ಏರಿಸಿಕೊಂಡು ಓಡಾಡುತ್ತಾನೆ, ಬಿಸಿಲಿದ್ದರೂ ಅದು ಕಣ್ಣಿಗೆ ಇಳಿದದ್ದನ್ನು ನಾನು ಕಂಡಿಲ್ಲ. ಅವನು ಆನೆಯ ಮೆಸೇಜು ಓದುವುದು ಗಿರಾಕಿಗೆ ತೋರಿಸಲು ಅಲ್ಲ, ಯಾವತ್ತು ಗಿರಾಕಿ ತರಬಹುದು ಎಂದು ನೋಡಲು. ಆನೆಗಳು ದೂರದ ತೋಟಕ್ಕೆ ದಾಟಿದ ದಿನ, ಅದೂ ನಡು ಮಧ್ಯಾಹ್ನ, ಅವು ನೆರಳಲ್ಲಿ ನಿಂತಿರುವ ಹೊತ್ತಿಗೆ ಜನರನ್ನು ಕರೆತರುತ್ತಾನಂತೆ. ಬೇಲಿ ಕೇಳಿದರೆ ಹಳೇದು ಅನ್ನಿ, ಬಾಳೆ ಕೇಳಿದರೆ ಗಾಳಿಗೆ ಬಿತ್ತು ಅನ್ನಿ ಎಂದು ನನಗೆ ಪಾಠ ಮಾಡಿದ. ಕೇಳಿ ನನಗೆ ಅಸಹ್ಯವಾಯಿತು. ಅಸಹ್ಯಪಡುತ್ತಲೇ ಅವನನ್ನು ಕೂರಿಸಿ ಕಾಫಿ ಕೊಟ್ಟೆ.

ಅವನು ಕರೆತಂದದ್ದು ಒಂದು ಎಳೆಯ ಜೋಡಿಯನ್ನು. ಗಂಡನಿಗೆ ಸಕಲೇಶಪುರದ ಬ್ಯಾಂಕಿಗೆ ವರ್ಗವಾಗಿತ್ತು, ಹೆಂಡತಿಯ ಜೊತೆ ಆಗಷ್ಟೇ ನಡೆಯಲು ಕಲಿತ ಮಗು. ಹೋದ ಮನೆಯಲ್ಲೆಲ್ಲ ಗಾಳಿಯಿಲ್ಲ, ಬೆಳಕಿಲ್ಲ ಎಂದು ಬೇಸತ್ತವರು ನಮ್ಮ ಹಜಾರಕ್ಕೆ ಕಾಲಿಟ್ಟ ಕೂಡಲೇ ಮುಖ ಅರಳಿಸಿದರು. ಆ ಹುಡುಗಿ ಆಗಲೇ ತೊಟ್ಟಿಲು ಎಲ್ಲಿ ಕಟ್ಟುವುದು ಎಂದು ತೊಲೆ ನೋಡುತ್ತಿದ್ದಳು. ಹಾಸನದ ಬಸ್ಸು ಕಣ್ಣಮುಂದೆ ಬಂದು ನಿಂತಂತಾಯಿತು ನನಗೆ. ಅಷ್ಟರಲ್ಲಿ ಮಗು ತಪ್ಪುಹೆಜ್ಜೆ ಹಾಕುತ್ತಾ ಹೊರಗೆ ಬಾವಿಯ ಪಕ್ಕಕ್ಕೆ ಹೋಯಿತು, ಅದರ ಹಿಂದೆ ನಾವೆಲ್ಲ ಹೋದೆವು. ಎರಡು ದಿನದ ಹಿಂದೆ ಆನೆ ಬಂದು ಹೋಗಿತ್ತು. ಮುಂದಿನ ಅಂಗಳವನ್ನು ಮಣ್ಣು ಹಾಕಿ ಸರಿಮಾಡಿದವನು ನಾನು ಬಾವಿಯ ಕಡೆ ಮರೆತಿದ್ದೆ. ಅಲ್ಲಿ ದುಂಡಗೆ, ನೀರು ತುಂಬಿಕೊಂಡು ಹೆಜ್ಜೆಗಳು. ಇವೇನು ಗುಂಡಿ ಎಂದು ಗಂಡ ಕೇಳಿದ. ಎಲ್ಲಕ್ಕೂ ಉತ್ತರ ಇಟ್ಟುಕೊಂಡಿದ್ದ ಲೋಕೇಶ ಈಗ ನನ್ನ ಮುಖ ನೋಡಿದ.

‘ಗುಲಾಬಿಗೆ ತೋಡ್ಸಿರೋದು’ ಎಂದೆ ನಾನು. ಎಲ್ಲಿಂದ ಬಂತೋ ಕಾಣೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ನೀರು ಬಿಟ್ಟು ಮಣ್ಣು ಹದ ಮಾಡುತ್ತಿದ್ದೇವೆ ಎಂದೆ, ಕುರಿಗೊಬ್ಬರ ಹೇಳಿಟ್ಟಿದ್ದೇನೆ ಎಂದೆ, ಸಾಲು ಯಾಕೆ ಓರೆಯಾಗಿದೆ ಎಂದು ಅವರು ಕೇಳುವ ಮೊದಲೇ ಓರೆಯಾಗಿ ನೆಟ್ಟರೆ ಬಿಸಿಲು ಚೆನ್ನಾಗಿ ಬೀಳುತ್ತದೆ ಎಂದೂ ವಿವರಿಸಿದೆ. ಜನ್ಮದಲ್ಲಿ ನಾನು ಗುಲಾಬಿ ನೆಟ್ಟವನಲ್ಲ. ಆ ಹುಡುಗಿಗೆ ಖುಷಿಯಾಗಿ, ಕಾಫಿ ತಂದ ಸರೋಜಳ ಕಡೆ ತಿರುಗಿ, ಅಂಗಳ ಎಷ್ಟು ಅಗಲ ಇದೆಯಮ್ಮ, ಬೆಳಗ್ಗೆ ಎದ್ದು ದೊಡ್ಡ ರಂಗೋಲಿ ಹಾಕಬಹುದು ಎಂದಳು.

ಸರೋಜ ತಟ್ಟೆಯನ್ನು ಬಾವಿಕಟ್ಟೆಯ ಮೇಲೆ ಇಟ್ಟಳು. ‘ಅದು ಗುಲಾಬಿ ಗುಂಡಿ ಅಲ್ಲ ಕಣಮ್ಮ. ಆನೆ ಹೆಜ್ಜೆ. ಬೆಳಗ್ಗೆ ಇಲ್ಲಿ ಬಾಗ್ಲು ತೆಗೆಯಂಗಿಲ್ಲ. ಮಗೂನ ಎತ್ಕೊ.’

ಹುಡುಗಿ ಮಗುವನ್ನು ಎತ್ತಿಕೊಂಡಳು. ಕಾಫಿ ಹಾಗೇ ಉಳಿಯಿತು. ಅವರು ಹೋಗಿ ಕಾರಿನಲ್ಲಿ ಕೂತ ಮೇಲೆ ನಾನು ಸರೋಜಳ ಮೇಲೆ ಹರಿಹಾಯ್ದೆ. ಯಾರಿಗೋಸ್ಕರ ಇಷ್ಟೆಲ್ಲ ಮಾಡಿದ್ದು, ಹೋಗಬೇಕು ಅಂದವಳು ನೀನೇ ತಾನೆ ಎಂದು ಡ್ರಿಲ್ ಮೈದಾನದಲ್ಲಿ ಕೂಗುವ ಹಾಗೆ ಕೂಗಿದೆ. ಅವಳಿಗೆ ಅಳು ಬಂದಿತ್ತು. ‘ನಂಗೆ ಹೋಗ್ಬೇಕು ಅಂತ ಐತೆ ಕಣ್ರೀ’ ಎಂದಳು. ‘ಹಂಗಂತ ಆ ಹುಡುಗೀನ ನನ್ನ ಜಾಗದಲ್ಲಿ ಕೂರ್ಸಿ ಹೋಗಕ್ಕಾಗಲ್ಲ.’ ಇನ್ನು ಹಾಸನ ಇಲ್ಲ ಎಂಬುದು ಇಬ್ಬರಿಗೂ ಗೊತ್ತಾಯಿತು, ಅವಳು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಬೈಸಿಕೊಳ್ಳಲು ತಯಾರಾಗಿ ಗೇಟಿನ ತನಕ ಲೋಕೇಶನ ಹಿಂದೆ ಹೋದೆ. ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ನನ್ನ ಕೈ ಹಿಡಿದುಕೊಂಡು, ‘ಮನೆ ವಿಷ್ಯ ಬುಡಿ ಮೇಷ್ಟ್ರೇ, ನಿಮ್ ಮನೆಯವ್ರು ಇರೋ ತನ್ಕ ಅದು ಹೋಗಲ್ಲ’ ಎಂದ. ‘ನೀವು ನಮ್ಜೊತೆ ಬಂದ್ಬುಡಿ. ಆ ಗುಲಾಬಿ ನಂಗೂ ಹೊಳೀತಿರ್ಲಿಲ್ಲ. ರಿಟೈರಾದ ಮೇಷ್ಟ್ರು ಏನ್ ಹೇಳಿದ್ರೂ ಜನ ನಂಬ್ತಾರೆ.’ ಬ್ರೋಕರನ್ನು ಆರಿಸಲು ಹೊರಟವನನ್ನು ಬ್ರೋಕರೇ ಆರಿಸಿದ್ದ. ಕೆನ್ನೆಗೆ ಬಾರಿಸಬೇಕಿತ್ತು. ಯೋಚನೆ ಮಾಡಿ ಹೇಳುತ್ತೇನೆ ಎಂದೆ.

ಒಳಗೆ ಬಂದಾಗ ಸರೋಜ, ಅವನು ಏನಂದ ಎಂದು ಕೇಳಿದಳು. ಏನಿಲ್ಲ, ಆನೆಗೆ ಹೆದರದ ಇನ್ಯಾರನ್ನೋ ಕರಕೊಂಡು ಬರುತ್ತಾನಂತೆ ಎಂದೆ. ಅವಳು ನಂಬಿದಳು.