ರಂಜಕದ ಭರಣಿ ಮತ್ತು ನನ್ನ ಕೈಗುಣ

ಕೈಗುಣ ಎಂಬ ಮಾತನ್ನು ಯಾರು ಕಂಡುಹಿಡಿದರೋ ನನಗೆ ಗೊತ್ತಿಲ್ಲ. ಸಿಕ್ಕರೆ ಸುಮ್ಮನೆ ಬಿಡುವವಳಂತೂ ಅಲ್ಲ. ಔಷಧ ಕೊಡುವವರಿಗೆ ಕೈಗುಣ ಇರಬೇಕು ಎನ್ನುತ್ತಾರೆ, ಬಿತ್ತುವವರಿಗೆ ಇರಬೇಕು ಎನ್ನುತ್ತಾರೆ, ಇರಲಿ, ಒಪ್ಪಿದೆ. ಆದರೆ ರಂಜಕಕ್ಕೆ ಬೂಷ್ಟು ಹಿಡಿದರೆ ಅದಕ್ಕೂ ನನ್ನ ಕೈಗೂ ಗಂಟು ಹಾಕುವುದೇ? ಅದೂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೈ! ಸೂಕ್ಷ್ಮಜೀವಿಗಳ ಪಾಠ ಮಾಡಿ ಮನೆಗೆ ಬಂದವಳಿಗೆ "ನಿನ್ನ ಕೈ ಚಲೋ ಇಲ್ಲ" ಎಂದರೆ ಹೊಟ್ಟೆ ಉರಿಯದೆ ಇದ್ದೀತೇ?

ಎಂಬತ್ತರ ದಶಕದ ಮಾತು. ಕುಬಿಹಾಳದ ನಮ್ಮ ಮನೆಗೆ ಹೊಲದಿಂದ ಹಣ್ಣು ಮೆಣಸಿನಕಾಯಿ ಬಂತೆಂದರೆ ರಂಜಕದ ಗಡಿಬಿಡಿ. ಕಾಯಿ ತೊಳೆದು, ಒರೆಸಿ, ನೆರಳಲ್ಲಿ ಆರಿಸಿ, ತೊಟ್ಟು ತೆಗೆದು, ಉಪ್ಪು ಸೇರಿಸಿ ಕುಟ್ಟಿ, ಭರಣಿಯಲ್ಲಿ ಒತ್ತಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಹುಳಿಯಲು ಬಿಡಬೇಕು. ಕುಟ್ಟಲು ಯಾರ ಕೈಯಾದರೂ ನಡೆದೀತು, ನನ್ನದಂತೂ ಧಾರಾಳವಾಗಿ ನಡೆಯುತ್ತಿತ್ತು. ಉಪ್ಪು ಹಾಕುವ ಕೈ ಮಾತ್ರ ಅತ್ತೆಯದೇ. ಆ ವರ್ಷ ಅವರು ಶಲವಡಿಗೆ ತಂಗಿಯ ಮಗಳ ಮದುವೆಗೆ ಹೋಗಿದ್ದರಿಂದ ಉಪ್ಪು ನಾನು ಹಾಕಿದೆ. ಬಿಸಿನೀರಲ್ಲಿ ತೊಳೆದು ಬಿಸಿಲಿಗಿಟ್ಟ ಭರಣಿ, ಒಣ ಕೈ, ಒಣ ಸೌಟು. ಯಾವುದರಲ್ಲೂ ಕೊರತೆ ಮಾಡಲಿಲ್ಲ. ಅತ್ತೆ ಮರಳಿ ಬಂದು ಬಟ್ಟೆ ಬಿಚ್ಚಿದರೆ ಮೇಲೆಲ್ಲ ಬೆಳ್ಳಗೆ, ಅಲ್ಲಲ್ಲಿ ಹಸಿರು ಬೂಷ್ಟು!

"ನಾ ಹೇಳಿದ್ನಿಲ್ಲೋ? ಎಲ್ಲಾರ ಕೈಗೂ ಇದು ಆಗಿ ಬರೂದಿಲ್ಲವಾ" ಎಂದು ಅತ್ತೆ ನಿಟ್ಟುಸಿರು ಬಿಟ್ಟರು. "ಮ್ಯಾಲಿಂದಷ್ಟ ತಗದು ಒಗಿ. ಕೆಳಗಿಂದು ತಿನ್ನಾಕ ಬರತೈತಿ."

ಬೂಷ್ಟು ಮೇಲೆ ಕಂಡಷ್ಟೇ ಇರುವುದಿಲ್ಲ, ಕಣ್ಣಿಗೆ ಕಾಣದಂತೆ ಒಳಗೂ ಇಳಿದಿರುತ್ತದೆ ಎಂದು ನಾನು ಹಟ ಹಿಡಿದು ಇಡೀ ಭರಣಿಯನ್ನು ತಿಪ್ಪೆಗೆ ಸುರಿದು ಬಂದೆ. ವಿಜ್ಞಾನ ಉಳಿಯಿತು, ಮರ್ಯಾದೆ ಹೋಯಿತು. ತಿಪ್ಪೆಯ ಮೇಲಿನ ಕೆಂಪು ಗುಡ್ಡೆ ಓಣಿಗೆಲ್ಲ ಕಂಡಿತ್ತು. ಮರುದಿನ ನೀರಿಗೆ ಹೋದರೆ ಬಾಜೂ ಮನೆಯ ಗಂಗವ್ವ, "ಅಕ್ಕೋರ, ನಾವು ಉಪ್ಪಿನಕಾಯಿ ಹಾಕಾಕತ್ತೀವಿ. ಎರಡ ದಿನ ನಮ್ಮನಿ ಕಡೆ ಹಾಯಬ್ಯಾಡ್ರಿ" ಎಂದು ಕಿಸಕ್ಕನೆ ನಕ್ಕಳು. ನಗುವ ಮಾತೇನ್ರೀ ಇದು? ಬಾಯಿಲ್ಲದ ಬೂಷ್ಟಿನಿಂದ ನಾನು ಊರ ಬಾಯಿಗೆ ಬಿದ್ದಿದ್ದೆ.

ಉಳಿದ ಕಾಯಿಯಿಂದ ಸಣ್ಣದೊಂದು ಭರಣಿ ತುಂಬಿದೆ. ಅದೇ ಕೈ, ಅಷ್ಟೇ ಉಪ್ಪು. ಈ ಸಲ ಕಾವಲಿಗೂ ಕುಳಿತೆ. ಭಾನುವಾರ ಮಧ್ಯಾಹ್ನ ಕಳ್ಳ ಸಿಕ್ಕ. ಕಳ್ಳ ಅನ್ನಬಾರದು, ಮಾವನವರು. ಊಟಕ್ಕೆಂದು ಕೈ ತೊಳೆದವರು ನೀರು ತೊಟ್ಟಿಕ್ಕಿಸುತ್ತಲೇ ಒಳಗೆ ಬಂದರು, ಬಟ್ಟೆ ಸರಿಸಿದರು, ಬೆರಳುಗಳನ್ನು ಭರಣಿಗೆ ಇಳಿಸಿದರು.

"ಅತ್ತೀ, ಲಗೂ ಬರ್ರಿ ಇಲ್ಲೆ!" ಎಂದು ಕಿರುಚಿದೆ.

"ಹುಳಿ ಹತ್ತೇತೋ ಇಲ್ಲೋ ನೋಡಾಕತ್ತಿದ್ನೆವಾ" ಎಂದು ಮಾವ ಬೆರಳು ಚೀಪುತ್ತ ಹೊರನಡೆದರು. ನಾನು ಅತ್ತೆಯ ಮುಖ ನೋಡಿದೆ. ಅಲ್ಲಿ ಆಶ್ಚರ್ಯವೇ ಇಲ್ಲ.

"ಇದೇನ ಹೊಸಾದೇನು? ನನ್ನ ಮದುವಿ ಆದಾಗಿಂದ ಹಿಂಗ ಕೈ ಹಾಕತಾರ. ಅದಕ್ಕಂತನ ನಾ ಒಂದ ಬೊಗಸಿ ಉಪ್ಪು ಜಾಸ್ತಿ ಹಾಕತೀನಿ. ನೀ ಹಾಕಿಲ್ಲ. ಕೈಗುಣ ಇಲ್ಲ ಅನ್ನದ ಮತ್ತೇನ ಅನ್ಲಿ?"

"ಮೊದಲ ಹೇಳಬಾರದಿತ್ತೇನ್ರಿ?"

"ಸೊಸಿ ಮುಂದ ಗಂಡನ ಹೆಸರ ಕೆಡಸಲೇನು?"

ಕೇಳಿದಿರಾ? ಗಂಡನ ಹೆಸರು ಕೆಡಬಾರದು, ಸೊಸೆಯದು ಓಣಿಯ ತುಂಬ ಕೆಟ್ಟರೂ ನಡೆದೀತು! ಆ ದಿನ ರೊಟ್ಟಿ ಬಡಿದ ಸದ್ದಿನಲ್ಲಿ ನನ್ನ ಸಿಟ್ಟು ಎಲ್ಲರಿಗೂ ಕೇಳಿಸಿರಬೇಕು. ಎಲ್ಲರೂ ಎರಡು ರೊಟ್ಟಿ ಹೆಚ್ಚಿಗೇ ತಿಂದರು.

ಮರುವರ್ಷ ಹಟ ಮಾಡಿ ಉಪ್ಪನ್ನು ನಾನೇ ಹಾಕಿದೆ. ಮಾವನವರ ಪಾಲಿಗೆ ಒಂದು ಬೊಗಸೆ ಹೆಚ್ಚು. ಆಮೇಲೆ ನನ್ನ ಗಂಡನ ನೆನಪಾಯಿತು; ಎಷ್ಟೆಂದರೂ ಆ ತಂದೆಯ ಮಗ. ಅವರಿಗೂ ಒಂದು ಬೊಗಸೆ. ಹೋದ ವರ್ಷದ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅದಕ್ಕೊಂದು. ಭರಣಿಯಲ್ಲಿ ಬೂಷ್ಟಿನ ಸುಳಿವೇ ಇರಲಿಲ್ಲ. "ನಮ್ಮ ಸೊಸಿ ಕೈಗುಣ ಈಗ ಅಗದಿ ಸುಧಾರಿಸೇತಿ" ಎಂದು ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದರು. ಮಾವನವರು ಒಮ್ಮೆ ಬೆರಳು ಅದ್ದಿ ನೋಡಿದವರು ಮತ್ತೆ ಆ ಕಡೆ ಸುಳಿಯಲಿಲ್ಲ. ಭರಣಿ ಮುಂದಿನ ಸುಗ್ಗಿಯವರೆಗೂ ಕಂಠಮಟ್ಟ ಹಾಗೇ ಇತ್ತು. ನಾನೂ ಅದನ್ನು ಒಂದೇ ಸಲ ತಿಂದದ್ದು.