ಗುಂಡಿಯೊಳಗಿನ ಗ್ಲಿಪ್ಟೊಡಾನ್

ಸಂಜೆಯ ಬಸ್ಸಿಗೆ ಅತ್ತೆ ಬರುವವರಿದ್ದರು. ಅಷ್ಟರೊಳಗೆ, ತುಂಬಿಹೋಗಿದ್ದ ಕಕ್ಕಸಿಗೆ ಹೊಸ ಗುಂಡಿ ಆಗದಿದ್ದರೆ ಅದೇ ಬಸ್ಸಿಗೆ ಅಮ್ಮನ ಜೊತೆ ತಾನೂ ವಾಪಸ್ ಹೊರಡುವುದಾಗಿ ಎರ್ಮಿನಿಯಾ ಗಂಡನಿಗೆ ಖಡಾಖಂಡಿತವಾಗಿ ಹೇಳಿದ್ದಳು. ಪಾಪ, ನಿಕಾನೋರ್ ಬೆಳಗಿನ ಮಾಟೆ ಎಲೆಯ ಕಷಾಯವನ್ನೂ ಪೂರ್ತಿ ಹೀರದೆ ಗುಂಡಿಗಿಳಿದ. ಎದೆಮಟ್ಟ ಅಗೆದಾಗ ಗುದ್ದಲಿ ಠಣ್ ಎಂದಿತು.

ಮಣ್ಣು ಕೆರೆದರೆ, ಬಿಲ್ಲೆ ಬಿಲ್ಲೆಯಾಗಿ ಜೋಡಿಸಿದಂತಿದ್ದ ದುಂಡನೆಯ ಚಿಪ್ಪು. ಗ್ಲಿಪ್ಟೊಡಾನ್! ಕಾರಿನಷ್ಟು ಬೆಳೆಯುತ್ತಿದ್ದ ಈ ಪ್ರಾಣಿ ಸತ್ತು ಸಾವಿರಾರು ವರ್ಷವಾದರೂ ಪಾಂಪಾಸ್ ಬಯಲಿನವರ ನೆಮ್ಮದಿ ಕೆಡಿಸುವುದನ್ನು ಬಿಟ್ಟಿಲ್ಲ. ಪುಣ್ಯಕ್ಕೆ ಇದು ಮರಿ. ಹಳ್ಳದಾಚೆ ಬಿಡಾರ ಹೂಡಿರುವ ಮ್ಯೂಸಿಯಮ್ಮಿನವರಿಗೆ ಗೊತ್ತಾದರೆ ಸುತ್ತ ಹಗ್ಗ ಕಟ್ಟಿ, ಬ್ರಷ್ಷು ಹಿಡಿದು ಕೂತುಬಿಡುತ್ತಾರೆ. ರೊಟ್ಟಿ ಅಂಗಡಿಯವನ ಬಾವಿ ಹೀಗೇ ಎರಡು ಬೇಸಿಗೆ ನಿಂತುಹೋಗಿತ್ತು.

ಬೇಲಿಯ ಮೇಲೆ ಪಕ್ಕದ ಮನೆಯ ಬಾಲ್ಬಿನೋನ ತಲೆ ಕಾಣಿಸಿತು.

"ಏನೋ ಅದು, ಠಣ್ ಅಂತು?"

"ಕಲ್ಲು."

"ಇಡೀ ಬಯಲಲ್ಲಿ ಹುಡುಕಿದ್ರೂ ಒಂದು ಕಲ್ಲು ಸಿಗಲ್ಲ. ನಿನ್ನ ಹಿತ್ತಲಿಗೆ ಮಾತ್ರ ಎಲ್ಲಿಂದ ಬಂತಪ್ಪ?"

ನಿಕಾನೋರ್ ಚಿಪ್ಪಿನ ಮೇಲೆ ಗೋಣಿತಾಟು ಎಳೆದು ಮಧ್ಯಾಹ್ನವಾಗಲೆಂದು ಕಾದ. ಊಟವಾದ ಮೇಲೆ ಆ ಊರಲ್ಲಿ ನಾಯಿಯೂ ಬೊಗಳುವುದಿಲ್ಲ. ಎಲ್ಲರದ್ದೂ ನಿದ್ದೆ. ಆ ಹೊತ್ತಿನಲ್ಲಿ ಬಾಗಿಲು ತಟ್ಟುವವನು ಒಂದೋ ಹುಚ್ಚ, ಇಲ್ಲವೇ ಪೊಲೀಸ್. ಹೆಂಡತಿಯ ಗೊರಕೆ ಕೇಳಿಸಿದ್ದೇ ತಡ, ಚಿಪ್ಪನ್ನು ಕುದುರೆಗೆ ಕಟ್ಟಿ ಹಿತ್ತಲ ಹಿಂದಿನ ಹಳ್ಳದ ದಾರಿಯಲ್ಲಿ ಬಳಸಿ, ಬಾಲ್ಬಿನೋನ ಕೋಳಿಗೂಡಿನ ಹಿಂದೆ ಎಳೆದು ಹಾಕಿದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅನುಮಾನ ತನ್ನ ಮೇಲೆ ಬರಬಾರದೆಂದು ಮೂಗು ಹಿಡಿದುಕೊಂಡು ಮ್ಯೂಸಿಯಮ್ಮಿಗೆ ಫೋನ್ ಮಾಡಿ, ಬಾಲ್ಬಿನೋ ಏನನ್ನೋ ಬಚ್ಚಿಟ್ಟಿದ್ದಾನೆಂದು ಚಾಡಿಯನ್ನೂ ಹೇಳಿದ.

ಹಗುರಾದ ಮನಸ್ಸಿನಿಂದ ಮನೆಗೆ ಬಂದು ಗುಂಡಿಯೊಳಗೆ ಇಣುಕಿದರೆ, ಅವನ ಸೊಂಟದಷ್ಟು ದಪ್ಪದ ಒಂದು ತೊಡೆಮೂಳೆ ಆರಾಮವಾಗಿ ಮಲಗಿತ್ತು. ಹಳೆಯ ಕಾಲದ, ಆನೆಗಾತ್ರದ ಸ್ಲಾತ್ ಎಂಬ ಸೋಮಾರಿ ಪ್ರಾಣಿಯದ್ದು. ಪಕ್ಕದ ಮನೆಯಿಂದ ರಸ್ತೆಗುಂಟ ಬಂದ ತಳ್ಳುಗಾಡಿಯ ಗುರುತು ಅವನ ಗೇಟಿನೊಳಗೇ ಹೊಕ್ಕಿತ್ತು. ಇಡೀ ಊರು ಮಲಗಿದೆ ಎಂದು ನಂಬಿದವನು ಅವನೊಬ್ಬನೇ ಅಲ್ಲ.

ಮೂಳೆಯನ್ನು ಎತ್ತಲು ಹೆಣಗುತ್ತಿರುವಾಗಲೇ ಮ್ಯೂಸಿಯಮ್ಮಿನ ಜೀಪು ಬಂದು ನಿಂತಿತು. ಇಳಿದ ಹೆಂಗಸು ಹಗ್ಗದ ಸುರುಳಿ ಬಿಚ್ಚುತ್ತ ಹೇಳಿದಳು: "ನಿಮ್ಮ ಬೀದಿಯಿಂದ ಇವತ್ತು ಎರಡು ಫೋನು. ಇಬ್ಬರೂ ಮೂಗು ಹಿಡ್ಕೊಂಡೇ ಮಾತಾಡಿದ್ರು."

ಸಂಜೆಯ ಹೊತ್ತಿಗೆ ಎರಡೂ ಹಿತ್ತಲಿಗೆ ಹಗ್ಗ ಬಿದ್ದಿತ್ತು. ಎರ್ಮಿನಿಯಾ ಪೆಟ್ಟಿಗೆ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ನಿಕಾನೋರ್ ಗೋಗರೆಯುತ್ತ ಹಿಂದೆಯೇ ಓಡಿದ. ಬಸ್ಸಿನಿಂದ ಸೊಂಟ ಹಿಡಿದುಕೊಂಡು ಇಳಿದ ಅತ್ತೆ ಮಗಳ ದೂರನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡರು.

"ನೀನು ಹೋಗಮ್ಮ, ಅಲ್ಲಿ ಮನೆ ಖಾಲಿ ಇದೆ. ಈ ಬಸ್ಸಲ್ಲಿ ಇನ್ನೊಂದ್ಸಲ ಕೂರೋಕೆ ನನ್ನ ಕೈಲಾಗಲ್ಲ. ನಾನು ಇಲ್ಲೇ ಇದ್ದುಬಿಡ್ತೀನಿ."

ಬಸ್ಸು ಎರ್ಮಿನಿಯಾಳನ್ನು ಹತ್ತಿಸಿಕೊಂಡು ಹೊರಟಿತು. ಅತ್ತೆ ಅಳಿಯನ ಕೈಗೆ ಚೀಲ ಕೊಟ್ಟು, ಐದು ಗಂಟೆಯ ಪ್ರಯಾಣವಾಯಿತು, ಮೊದಲು ಕಕ್ಕಸು ಎಲ್ಲಿದೆ ತೋರಿಸು ಎಂದರು.