ಬೆನ್ನು ತಿರುಗಿಸಿದ ನವಿಲುಗಳ ವಿಷಯವಾಗಿ ಸಾಫ್ಟ್‌ವೇರ್ ಮಹಾಶಯರಿಗೆ

ಕೇಳದಿದ್ದರೂ ಸಲಹೆ ಕೊಡುವ, ಕರೆಯದಿದ್ದರೂ ಸುಧಾರಿಸುವ, ನಮ್ಮ ಮನೆಯ ಕಂಪ್ಯೂಟರಿನಲ್ಲಿ ಬಿಡಾರ ಹೂಡಿರುವ ಸೀರೆ ವಿನ್ಯಾಸದ ಸಾಫ್ಟ್‌ವೇರ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಸೇಲಂ ಪೊನ್ನಮ್ಮಾಪೇಟೆಯ ನೇಕಾರ ಚಿಕ್ಕಣ್ಣನವರ ಹಿರಿಸೊಸೆ ಶಶಿರೇಖಾ ಮಾಡುವ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ, ಏಕೆಂದರೆ ತಾವು ಇನ್ನಷ್ಟು ಉತ್ತಮರಾಗಿದ್ದೀರೆಂಬ ಸುದ್ದಿ ಪರದೆಯ ಮೂಲೆಯಲ್ಲಿ ಆಗಾಗ ತಾನಾಗಿಯೇ ಮೂಡುತ್ತಿರುತ್ತದೆ. ತಮಗೆ ಬರುವ ಭಾಷೆಗಳ ಉದ್ದನೆಯ ಪಟ್ಟಿಯಲ್ಲಿ ಕನ್ನಡ ಇಲ್ಲವೆಂದು ಬಲ್ಲೆ. ಆದರೂ ಹೊಸೂರಿನ ಶಾಲೆಯಲ್ಲಿ ಕಲಿತ ಕನ್ನಡ ತುಕ್ಕು ಹಿಡಿಯಬಾರದೆಂದೂ, ಬೈಯುವುದಾದರೆ ಮನೆಮಾತಿನಲ್ಲೇ ಬೈಯುವುದು ಹಿತವೆಂದೂ ಇದರಲ್ಲಿಯೇ ಬರೆಯುತ್ತಿದ್ದೇನೆ.

ತಮ್ಮ ಪರದೆಯನ್ನು ನಾನು ನನ್ನ ಕೈಗೆ ಒಗ್ಗುವಂತೆ ಜೋಡಿಸಿಕೊಂಡಿದ್ದ ಬಗೆ ತಮಗೆ ಗೊತ್ತೇ ಇದೆ. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆಯೆಂದು ಕಣ್ಣು ಹುಡುಕುವುದಿಲ್ಲ, ಕೈಯೇ ಹೋಗುತ್ತದೆ. ಹಾಗೆಯೇ ನಾನು ಎಡಗೈಯವಳಾದ್ದರಿಂದ ಕುಂಚಗಳನ್ನು ಎಡಕ್ಕೆ ತಂದು, ಜರಿ, ರೇಷ್ಮೆಗಳ ಬಣ್ಣಗಳನ್ನು ಕೆಳಗೆ ಸಾಲಾಗಿ ನಿಲ್ಲಿಸಿ, ಅವುಗಳಲ್ಲಿ ಒಂದು ಕಡುಗೆಂಪಿಗೆ 'ಮಾವನವರ ಅರಗು' ಎಂದು ಹೆಸರಿಟ್ಟು, ಅಕ್ಷರಗಳಿಗೆ ಬೆಂಕಿ ಹಚ್ಚುವ, ಚಿತ್ರಕ್ಕೆ ಮಂಜು ಸುರಿಸುವ ಗುಂಡಿಗಳನ್ನೆಲ್ಲ ಕಣ್ಣಿಗೆ ಬೀಳದಂತೆ ಅಡಗಿಸಿದ್ದೆ. ಸೀರೆಗೆ ಬೆಂಕಿ ಹಚ್ಚುವ ಅಗತ್ಯ ನಮ್ಮ ಮನೆಯಲ್ಲಿ ಇದುವರೆಗೆ ಬಿದ್ದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ತಮ್ಮ ಕನ್ನಡಿ ಗುಂಡಿ, ಅಂದರೆ ಚಿತ್ರವನ್ನು ಎಡಬಲ ಅದಲುಬದಲಾಗಿ ತೋರಿಸುವ ಗುಂಡಿ. ನಮ್ಮ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ನೇಯುವವನು ನೋಡುವುದು ಅದರ ಬೆನ್ನನ್ನು. ತಾನು ಮಗ್ಗದ ಮೇಲೆ ಹೇಗೆ ನೋಡುತ್ತೇನೋ ಪರದೆಯ ಮೇಲೂ ಹಾಗೆಯೇ ಕಾಣಬೇಕೆಂಬುದು ಮಾವನವರ ಕಟ್ಟಪ್ಪಣೆ. ಆದ್ದರಿಂದ ಆ ಗುಂಡಿಯನ್ನು ಒತ್ತಿದವಳು ಮತ್ತೆ ಮುಟ್ಟಿರಲಿಲ್ಲ. ವಿನ್ಯಾಸವೆಲ್ಲ ತಿರುವಿದ ಪರದೆಯಲ್ಲೇ ನಡೆಯುತ್ತಿತ್ತು, ಕಡತ ಮಾತ್ರ ಸರಿಯಾಗಿ ಹೊರಗೆ ಹೋಗುತ್ತಿತ್ತು.

ಹೀಗಿರಲು ಒಂದು ಬೆಳಿಗ್ಗೆ ತಾವು ನನ್ನ ಕೆಲಸ ಚುರುಕಾಗಲೆಂದು ಕೃಪೆ ತೋರಿದಿರಿ. ಕುಂಚಗಳು ಬಲಕ್ಕೆ ಓಡಿದವು, ಮಾವನವರ ಅರಗು ಮಾಯವಾಯಿತು, ಬೆಂಕಿಯೂ ಮಂಜೂ ಮರಳಿ ಬಂದವು, ಪರದೆಯ ಬಲಭಾಗದಲ್ಲಿ ತಮ್ಮ ಸಲಹಾ ಫಲಕವೊಂದು ಸ್ಥಾಪನೆಯಾಗಿ 'ಇಂದು ಒಂದು ಕಾಫಿ ಅಂಗಡಿಗೆ ಲಾಂಛನ ಮಾಡೋಣವೇ' ಎಂದು ಕೇಳತೊಡಗಿತು. ಬೈದುಕೊಂಡು ಎಲ್ಲವನ್ನೂ ಅದರದರ ಜಾಗಕ್ಕೆ ತಂದೆ. ಕನ್ನಡಿ ಗುಂಡಿಯನ್ನೂ ತಾವು ಸದ್ದಿಲ್ಲದೆ ಬಿಡಿಸಿದ್ದೀರೆಂದು ಮಾತ್ರ ನನಗೆ ಹೊಳೆಯಲಿಲ್ಲ, ಖಾಲಿ ಹಾಳೆಗೆ ಎಡ ಯಾವುದು, ಬಲ ಯಾವುದು?

ಆ ಹಾಳೆಯ ಮೇಲೆಯೇ ನಾನು ನನ್ನ ನಾದಿನಿ ವಾಣಿಯ ಧಾರೆ ಸೀರೆಯ ಸೆರಗನ್ನು ಬರೆದೆ. ಮನೆಮಗಳು ಮನೆಯ ಮಗ್ಗದ ಸೀರೆಯನ್ನೇ ಉಟ್ಟು ಧಾರೆಗೆ ಕೂರುವುದು ನಮ್ಮಲ್ಲಿ ನಡೆದುಬಂದದ್ದು. ಇಷ್ಟು ವರ್ಷ ನಮ್ಮ ಮಗ್ಗಕ್ಕೆ ಗ್ರಾಫ್ ಕಾಗದದ ಮೇಲೆ ಚಿತ್ರ ಬರೆದುಕೊಡುತ್ತಿದ್ದವರು ಪಕ್ಕದ ಬೀದಿಯ ಕುಪ್ಪಸ್ವಾಮಿಯವರು. ಈ ಸೀರೆ ಚೆನ್ನಾಗಿ ಬಂದರೆ ಇನ್ನು ಮುಂದೆ ಎಲ್ಲವನ್ನೂ ಸೊಸೆಯೇ ಬರೆಯಲಿ, ಕೆಟ್ಟರೆ ಕಂಪ್ಯೂಟರಿಗೆ ಬಟ್ಟೆ ಹೊದಿಸುವುದು ಎಂದು ಮಾವನವರು ತೀರ್ಮಾನ ಹೇಳಿದ್ದರು. ನನ್ನ ಕೈಲಿರುವ ವಿದ್ಯೆ ಇದೊಂದೇ, ಅದರ ಮೇಲೆ ನನಗೆ ಪ್ರಾಣ.

ಸೆರಗಿನಲ್ಲಿ ನಾವು ಬರೆಯುವುದು ಅರ್ಧವನ್ನಷ್ಟೇ, ಮಿಕ್ಕರ್ಧವನ್ನು ಮಗ್ಗವೇ ಪಡಿಯಚ್ಚಾಗಿ ತಿರುವಿ ನೇಯ್ದುಕೊಳ್ಳುತ್ತದೆ. ನಡುವೆ ಒಂದು ದೀಪ, ಅದನ್ನು ನೋಡುತ್ತ ಎರಡು ನವಿಲು ಎಂಬುದು ನನ್ನ ಲೆಕ್ಕಾಚಾರ. ಆದ್ದರಿಂದ ಬರೆದದ್ದು ಅರ್ಧ ದೀಪ, ಒಂದು ನವಿಲು. ಮಾವನವರು ಕಾಫಿ ಲೋಟ ಹಿಡಿದು ಬಂದು, ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ಸರಿಯಾಗೈತೆ, ಅಟ್ಟೆ ಒಡ್ಸು" ಎಂದರು. ಚಿತ್ರಕ್ಕೆ ತಕ್ಕಂತೆ ತೂತು ಹೊಡೆದ ರಟ್ಟಿನ ಅಟ್ಟೆಗಳು ಬಂದು ಮಗ್ಗವೇರಿದವು.

ಸೆರಗು ನೇಯ್ದಾಗ ಬೆನ್ನಿನ ಮೇಲೆ ಜರಿಯ ಎಳೆಗಳೇ ತುಂಬಿಕೊಂಡಿರುವುದರಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ಮಗ್ಗದ ಅಡಿಗೆ ಕೈಕನ್ನಡಿ ಹಿಡಿದು ಮುಖ ನೋಡುವುದು ನಮ್ಮವರ ರೂಢಿ. ಮಾವನವರು ಕನ್ನಡಿ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಆಮೇಲೆ "ಏನಮ್ಮಾ ಇದು, ನವಿಲ್ಗೂ ನವಿಲ್ಗೂ ಸಣ್ಡೆಯಾ?" ಎಂದು ಜಗಳಕ್ಕೆ ತಮಿಳಿನ ಮಾತು ಹಾಕಿ ಕೇಳಿದರು. ಕನ್ನಡಿ ಗುಂಡಿ ಬಿಟ್ಟುಹೋಗಿದ್ದರಿಂದ ನಾನು ಬೆನ್ನೆಂದು ಬರೆದದ್ದೇ ಮುಖವಾಗಿ ಹೊರಗೆ ಹೋಗಿತ್ತು; ತಮ್ಮ ಕೃಪೆಯಿಂದ ಅರ್ಧ ದೀಪ ಈ ಅಂಚಿಗೂ ಇನ್ನರ್ಧ ಆ ಅಂಚಿಗೂ ಹೋಗಿ, ನಡುವೆ ಎರಡು ನವಿಲುಗಳು ಒಂದಕ್ಕೊಂದು ಬೆನ್ನು ಕೊಟ್ಟು, ಮನೆ ಪಾಲು ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ ತಮ್ಮ ತಮ್ಮ ಪಾಲಿನ ದೀಪ ನೋಡುತ್ತ ನಿಂತಿದ್ದವು. ಒಪ್ಪಿಗೆ ಕೊಟ್ಟವರು ತಾವೇ ಅಲ್ಲವೇ ಎಂದು ಮಾವನವರನ್ನು ಕೇಳುವ ಧೈರ್ಯ ಯಾರಿಗಿತ್ತು?

ಮತ್ತೆ ನೇಯಲು ಮದುವೆಗೆ ಮುಂಚೆ ಸಮಯವಿರಲಿಲ್ಲ. ಅತ್ತೆ ಮಾದಮ್ಮನವರು ಗೋಡೆಗೆ ಒರಗಿ, "ಓಮಲೂರೋರು ನೋಡಿದ್ರೆ ಏನಂದಾರು" ಎಂದು ಗಂಡಿನ ಕಡೆಯವರನ್ನು ನೆನೆದು ಕಣ್ಣು ಒರೆಸಿಕೊಂಡರು. ಮಾವನವರು ಎದ್ದು ಹೋಗಿ ಕಂಪ್ಯೂಟರಿಗೆ ಒಂದು ಹಳೆಯ ಪಂಚೆ ಹೊದಿಸಿದರು. ನನಗೆ ಅಳು ಬಂತೆಂದು ತಮ್ಮ ಮುಂದೆ ಮುಚ್ಚಿಡುವುದೇಕೆ. ಸೀರೆ ಉಡಬೇಕಾದ ವಾಣಿ ಮಾತ್ರ ಸೆರಗನ್ನು ನೋಡಿ ನಕ್ಕು, "ಬುಡತ್ತಿಗೆ, ಮದ್ವೆ ಆಗಿ ಸ್ವಲ್ಪ ದಿವ್ಸ ಓದ್ರೆ ಎಂಗೂ ನಾವೂ ಇಂಗೇ ಕುಂತ್ಕಂತೀವಿ, ಇದ್ನೇ ಉಡ್ತೀನಿ" ಎಂದಳು.

ಆ ದಿನಗಳಲ್ಲಿ ತಮ್ಮನ್ನು ಎಷ್ಟು ನೆನೆದೆನೆಂದರೆ, ತಾವು ಖುದ್ದಾಗಿ ಸೇಲಂ ಜಂಕ್ಷನ್‌ನಲ್ಲಿ ಇಳಿದು, ಟೌನ್ ಬಸ್ ಹಿಡಿದು ಬಂದು, ನಮ್ಮ ಜಗಲಿಯಲ್ಲಿ ಕುಳಿತು, ತಮ್ಮ ಸುಧಾರಣೆಯ ಲಾಭಗಳನ್ನು ಮಾವನವರಿಗೆ ತಿಳಿಹೇಳಬೇಕೆಂದು ಕೋರುವ ಪತ್ರವೊಂದನ್ನು ಮನಸ್ಸಿನಲ್ಲೇ ಬರೆದಿದ್ದೆ. ಅದಾಗದಿದ್ದರೆ ಎರಡು ನವಿಲುಗಳಿಗಾದರೂ ಒಂದು ಅಪ್‌ಡೇಟ್ ಕಳಿಸಿ, ಮುಹೂರ್ತದೊಳಗೆ ಅವು ತಾವಾಗಿಯೇ ಹಿಂತಿರುಗುವಂತೆ ಮಾಡಬೇಕೆಂದೂ ವಿನಂತಿಸುವವಳಿದ್ದೆ.

ಮದುವೆಯ ದಿನ ಬಂತು. ಕುಪ್ಪಸ್ವಾಮಿಯವರು ಮುಂದಿನ ಸಾಲಿನಲ್ಲೇ ಕನ್ನಡಕ ಒರೆಸಿಕೊಂಡು ಕುಳಿತಿದ್ದರು. ತಾಳಿ ಕಟ್ಟುವವರೆಗೆ ವಾಣಿ ಸೆರಗನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡೇ ಇದ್ದಳು. ಆಮೇಲೆ ಗಂಡಿನ ಶಲ್ಯಕ್ಕೂ ಹೆಣ್ಣಿನ ಸೆರಗಿಗೂ ಗಂಟು ಹಾಕುವ ಹೊತ್ತು. ಪುರೋಹಿತರು ಸೆರಗನ್ನು ಬಿಡಿಸಿ, ಅದರ ಎರಡು ಅಂಚುಗಳನ್ನೂ ಒಂದೆಡೆ ತಂದು ಕೂಡಿಸಿ ಹಿಡಿದರು. ಈ ಅಂಚಿನ ಅರ್ಧ ದೀಪ ಆ ಅಂಚಿನ ಅರ್ಧ ದೀಪವನ್ನು ಸೇರಿ ಒಂದು ದೀಪವಾಯಿತು, ಅಂಚಿನ ಕಡೆಗೆ ಮುಖ ಮಾಡಿದ್ದ ನವಿಲುಗಳು ಅದರ ಎರಡು ಬದಿಗೆ ಎದುರುಬದುರಾಗಿ ಬಂದು ನಿಂತವು. ಗಂಟು ಅವುಗಳ ಕೆಳಗೆ ಬಿತ್ತು. ಗಂಡಿನ ಕಡೆಯ ಹೆಂಗಸರು ಕತ್ತು ಚಾಚಿ ನೋಡಿದರು.

ಮಾವನವರು ಒಂದು ಗಳಿಗೆ ನನ್ನ ಕಡೆ ನೋಡಿ, ಆಮೇಲೆ ಕುಪ್ಪಸ್ವಾಮಿಯವರ ಕಡೆ ಬಾಗಿ, ನಾಲ್ಕು ಜನಕ್ಕೆ ಕೇಳುವಂತೆಯೇ ಹೇಳಿದರು: "ನಮ್ ಸೊಸೆ ಬರ್ದಿದ್ದು ಕಣಪ್ಪ. ಗಂಟಾಕ್ದಾಗ ದೀಪ ಕೂಡ್ಬೇಕು ಅಂತ ಬೇಕಂತ್ಲೇ ಇಂಗ್ ಬರ್ದವ್ಳೆ." ಮದುವೆಯ ಮಾರನೆಯ ದಿನ ಕಂಪ್ಯೂಟರಿನ ಮೇಲಿದ್ದ ಪಂಚೆ ತೆಗೆದು ಮಡಿಚಿಟ್ಟವರೂ ಅವರೇ.

ಆದುದರಿಂದ ಮಾನ್ಯರೇ, ನನ್ನ ದೂರನ್ನು ಹಿಂತೆಗೆದುಕೊಂಡು ಒಂದೇ ಒಂದು ಕೋರಿಕೆಯನ್ನು ಸಲ್ಲಿಸುತ್ತಿದ್ದೇನೆ. ಆ ಸೆರಗನ್ನು ನಾನು ಬೇಕೆಂದು ಬರೆಯಲಿಲ್ಲವೆಂಬುದು ಈ ಲೋಕದಲ್ಲಿ ತಿಳಿದಿರುವುದು ನಮ್ಮ ಮನೆಯವರಿಗೆ ಮತ್ತು ತಮಗೆ ಮಾತ್ರ. ಮನೆಯವರಾರೂ ಬಾಯಿ ಬಿಡುವುದಿಲ್ಲ. ನಾನು ಕಷ್ಟಪಟ್ಟು ಜೋಡಿಸಿದ್ದನ್ನೆಲ್ಲ ಒಂದೇ ಬೆಳಿಗ್ಗೆ ಮರೆತ ತಮಗೆ ಇದೊಂದನ್ನು ಮರೆಯುವುದು ಕಷ್ಟವಾಗಲಾರದು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಶಶಿರೇಖಾ

ಮರೆತ ಮಾತು: ಇದನ್ನು ಮುಗಿಸುವಾಗ ತಾವು ಮತ್ತೆ ಸುಧಾರಿಸಲು ಸಿದ್ಧವಾಗಿರುವುದಾಗಿ ತಿಳಿಸಿ, 'ಈಗಲೇ', 'ಸ್ವಲ್ಪ ಹೊತ್ತಿನ ನಂತರ' ಎಂದು ಎರಡು ಗುಂಡಿ ಮುಂದಿಟ್ಟಿರಿ. 'ಬೇಡ' ಎಂಬ ಗುಂಡಿ ಕಾಣದ ಕಾರಣ ಇಂಟರ್‌ನೆಟ್ ವೈರನ್ನೇ ಕಿತ್ತು ಅತ್ತೆಯವರಿಗೆ ಕೊಟ್ಟಿದ್ದೇನೆ. ಹಿತ್ತಲಲ್ಲಿ ಅದರ ಮೇಲೆ ಬಣ್ಣ ಹಾಕಿದ ನೂಲು ಬಹಳ ಚೆನ್ನಾಗಿ ಒಣಗುತ್ತಿದೆ.